ಮೊಟ್ಟೆ ನಿಲ್ಲಿಸಬೇಕಾ, ಮಲಗಿಸಬೇಕಾ? ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಬೇಸಿಗೆ

ಮೊದಲ ದಿನ ನನ್ನ ಎಡಗಡೆ ಕೂತಿದ್ದವರು ಕೆನಡಾದ ಒಬ್ಬ ವಕೀಲೆ. ಬಲಗಡೆ ಜಪಾನಿನ ಒಬ್ಬ ವೈದ್ಯೆ. ಹಿಂದಿನ ಸಾಲಿನಲ್ಲಿ ಬ್ರೆಜಿಲ್‌ನ ಎಂಜಿನಿಯರ್, ಅವರ ಪಕ್ಕದಲ್ಲಿ ಚಿತ್ರಕಲೆ ಓದಿದ ಹುಡುಗಿ. ಬಾಹ್ಯಾಕಾಶ ಅಂದರೆ ರಾಕೆಟ್, ರಾಕೆಟ್ ಅಂದರೆ ನಮ್ಮಂಥ ಏರೋಸ್ಪೇಸ್‌ನವರು ಅಂತ ನಂಬಿಕೊಂಡು ಹೋಗಿದ್ದವನು ನಾನು. "ನೀವು ಇಲ್ಲಿಗೆ ಯಾಕೆ ಬಂದಿರಿ?" ಅಂತ ವಕೀಲೆಯನ್ನು ಕೇಳಿದೆ. "ಉಪಗ್ರಹ ಯಾರದೋ ಹೊಲದಲ್ಲಿ ಬಿದ್ದರೆ ದುಡ್ಡು ಯಾರು ಕೊಡಬೇಕು, ನಿಮಗೆ ಗೊತ್ತಾ?" ಅಂತ ಅವರು ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ.

ಇದು 2019ರ ಜೂನ್ ಕೊನೆಯ ಮಾತು. ಜಾಗ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪಕ್ಕದ ಇಲ್‌ಕಿರ್ಶ್. ಅಲ್ಲಿ ಇಂಟರ್‌ನ್ಯಾಷನಲ್ ಸ್ಪೇಸ್ ಯೂನಿವರ್ಸಿಟಿ ಇದೆ. ಎಲ್ಲರೂ ಐಎಸ್‌ಯು ಅಂತಲೇ ಕರೆಯುತ್ತಾರೆ. ಅವರು ಬೇಸಿಗೆಯಲ್ಲಿ ನಡೆಸುವ ಕೋರ್ಸಿಗೆ ಸ್ಪೇಸ್ ಸ್ಟಡೀಸ್ ಪ್ರೋಗ್ರಾಂ, ಅಂದರೆ ಎಸ್‌ಎಸ್‌ಪಿ ಅಂತ ಹೆಸರು. 1987ರಲ್ಲಿ ಪೀಟರ್ ಡಯಮಂಡಿಸ್, ಟಾಡ್ ಹಾಲಿ, ಬಾಬ್ ರಿಚರ್ಡ್ಸ್ ಅನ್ನುವ ಮೂವರು ಹುಡುಗರು ಸೇರಿ ಈ ವಿಶ್ವವಿದ್ಯಾಲಯ ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು ವಯಸ್ಸು. ಮರುವರ್ಷ ಅಮೆರಿಕದ ಎಂಐಟಿಯಲ್ಲಿ ಮೊದಲ ಬೇಸಿಗೆ ಕೋರ್ಸ್ ನಡೆಯಿತು. 21 ದೇಶಗಳಿಂದ 104 ಜನ ಬಂದಿದ್ದರು. ಆಮೇಲೆ ಇದು ಊರೂರು ಸುತ್ತುತ್ತಾ ಬಂದಿದೆ. ಬೀಜಿಂಗ್, ಬಾರ್ಸಿಲೋನಾ, ಮಾಂಟ್ರಿಯಲ್, ಹೈಫಾ, ಹೀಗೆ. ನಮ್ಮದು 32ನೇ ಬ್ಯಾಚ್, ಅದು ಸ್ವಂತ ಕ್ಯಾಂಪಸ್ಸಿನಲ್ಲೇ. ಆ ಕ್ಯಾಂಪಸ್ಸಿನ ರಸ್ತೆಗೆ ಕ್ಯಾಸಿನಿ ಹೆಸರು. 1675ರಲ್ಲಿ ಶನಿಯ ಉಂಗುರದ ನಡುವೆ ಸಂದು ಇದೆ ಅಂತ ಕಂಡುಹಿಡಿದ ಅದೇ ಕ್ಯಾಸಿನಿ. ವಿಳಾಸ ಬರೆಯುವಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು.

ಸೇರುವುದು ಹೇಗೆ ಅಂತ ಜಾಸ್ತಿ ಜನ ಕೇಳುತ್ತಾರೆ, ಅದನ್ನು ಬೇಗ ಹೇಳಿಬಿಡುತ್ತೇನೆ. ಆನ್‌ಲೈನ್ ಅರ್ಜಿ, ಯಾಕೆ ಬರಬೇಕು ಅಂತ ಒಂದು ಪ್ರಬಂಧ, ಮೇಷ್ಟ್ರುಗಳ ಶಿಫಾರಸು ಪತ್ರ. ಯಾವ ವಿಷಯ ಓದಿದವರಾದರೂ ಹಾಕಬಹುದು. ಖರ್ಚು ದೊಡ್ಡದು. ಆದ್ದರಿಂದ ಸೀಟಿನ ಜೊತೆಗೇ ಸ್ಕಾಲರ್‌ಶಿಪ್‌ಗೂ ಕೇಳಬೇಕು, ಕೊನೆಗೆ ಕೇಳಿದರೆ ಆಯ್ತು ಅಂತ ಕೂರಬಾರದು. ನನಗೆ ಒಂದು ಪಾಲು ಸಿಕ್ಕಿತು. ಉಳಿದದ್ದು ಮನೆಯವರ ಉಳಿತಾಯ. ನಮ್ಮ ಕೋರ್ಸು ಒಂಬತ್ತು ವಾರ, ಅಂದರೆ 90 ದಿನದೊಳಗೆ ಬರುತ್ತಿತ್ತು, ಹಾಗಾಗಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾ ಸಾಕಾಯಿತು. ಆಗ ಅದಕ್ಕೆ 60 ಯೂರೋ ಇತ್ತು. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನನ್ನ ಪಾಸ್‌ಪೋರ್ಟ್ ವಾಪಸ್ ಕೈಗೆ ಬಂದದ್ದು ವಿಮಾನ ಹತ್ತುವ ಎರಡು ದಿನ ಮೊದಲು. ಆ ಎರಡು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅಲ್ಲಿ ನಮ್ಮನ್ನು ವಿದ್ಯಾರ್ಥಿಗಳು ಅಂತ ಕರೆಯುವುದಿಲ್ಲ. ಪಾರ್ಟಿಸಿಪೆಂಟ್ ಅನ್ನುತ್ತಾರೆ. ಮೊದಲು ಇದು ಸುಮ್ನೆ ಮರ್ಯಾದೆಯ ಮಾತು ಅಂದುಕೊಂಡಿದ್ದೆ. ಆದರೆ ನೂರಕ್ಕೂ ಹೆಚ್ಚು ಜನರಲ್ಲಿ ಈಗಷ್ಟೇ ಡಿಗ್ರಿ ಮುಗಿಸಿದವರೂ ಇದ್ದರು, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರೂ ಇದ್ದರು. ಒಂದು ಗಂಟೆ ಒಬ್ಬರು ಕಲಿಸುವವರಾದರೆ, ಮುಂದಿನ ಗಂಟೆ ಅವರೇ ನೋಟ್ಸ್ ಬರೆದುಕೊಳ್ಳುವವರು.

ಮೊದಲ ವಾರಗಳು ಪೂರ್ತಿ ಕ್ಲಾಸು. ಎಲ್ಲರಿಗೂ ಎಲ್ಲ ವಿಷಯ. ಬೆಳಿಗ್ಗೆ ಕಕ್ಷೆಯ ಲೆಕ್ಕ, ಆಮೇಲೆ ಒಪ್ಪಂದಗಳು, ಮಧ್ಯಾಹ್ನ ಮೂಳೆ ಸವೆತ, ಸಂಜೆ ಉಪಗ್ರಹ ವ್ಯಾಪಾರ. ರಾಕೆಟ್ ಸಮೀಕರಣ ಬಂದ ದಿನ ನಾನು ಹಾಯಾಗಿ ಕೂತಿದ್ದೆ. ಮಾರನೇ ದಿನ 1967ರ ಬಾಹ್ಯಾಕಾಶ ಒಪ್ಪಂದದ ಕಲಮುಗಳು ಬಂದಾಗ ಪೆನ್ನು ಮುಂದಕ್ಕೆ ಹೋಗಲಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ರಾತ್ರಿ ಒಂದು ಲೆಕ್ಕ ಇಟ್ಟುಕೊಂಡೆವು. ನಾನು ವಕೀಲೆಗೆ ಕಕ್ಷೆ ಹೇಳಿಕೊಡಬೇಕು, ಅವರು ನನಗೆ ಕಾನೂನು ಹೇಳಿಕೊಡಬೇಕು. ವೈದ್ಯೆ ಇಬ್ಬರದ್ದೂ ಕೇಳಿ ತಪ್ಪು ಹಿಡಿಯುತ್ತಿದ್ದರು.

ಆ ಬೇಸಿಗೆ ಯುರೋಪ್ ಬೆಂದುಹೋಗಿತ್ತು. ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ದಾಖಲಾಯಿತು. ನಮ್ಮ ಕೋಣೆಗಳಲ್ಲಿ ಫ್ಯಾನೂ ಇಲ್ಲ, ಎಸಿಯೂ ಇಲ್ಲ. ಹಗಲಿಡೀ ಕಿಟಕಿ ಮುಚ್ಚಿ ಅದರ ಹೊರಗಿನ ಕದ ಎಳೆದು ಕತ್ತಲು ಮಾಡಿಕೊಳ್ಳಬೇಕು, ರಾತ್ರಿ ಎಲ್ಲವನ್ನೂ ತೆರೆಯಬೇಕು. ಸೂರ್ಯ ಮುಳುಗುವುದೇ ಒಂಬತ್ತೂವರೆ ಹೊತ್ತಿಗೆ. ನಮ್ಮ ಅಡುಗೆಮನೆಯ ಪಾಠ ಶುರುವಾಗುತ್ತಿದ್ದದ್ದು ಅದಾದ ಮೇಲೆ.

ವಕೀಲೆ ಮೊದಲ ದಿನ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಅಭ್ಯಾಸದಲ್ಲಿ. 1978ರ ಜನವರಿ 24ರಂದು ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಉಪಗ್ರಹ ಕೆನಡಾದ ಉತ್ತರದ ಹಿಮಪ್ರದೇಶದ ಮೇಲೆ ಚೂರುಚೂರಾಗಿ ಬಿತ್ತು. ಅದರೊಳಗೆ ಪುಟ್ಟ ಪರಮಾಣು ರಿಯಾಕ್ಟರ್ ಇತ್ತು. ವಿಕಿರಣ ಸೂಸುವ ಚೂರುಗಳನ್ನು ಹಿಮದಲ್ಲಿ ತಿಂಗಳುಗಟ್ಟಲೆ ಹುಡುಕಬೇಕಾಯಿತು. ಕೆನಡಾ ಸುಮಾರು 60 ಲಕ್ಷ ಕೆನಡಿಯನ್ ಡಾಲರ್ ಪರಿಹಾರ ಕೇಳಿತು. ಈ ಮಾತುಕತೆಯನ್ನು ನಾವು ಮತ್ತೆ ನಡೆಸಬೇಕಿತ್ತು. ಕೆನಡಾದ ವಕೀಲೆಯನ್ನು ಬೇಕಂತಲೇ ಸೋವಿಯತ್ ಕಡೆಗೆ ಹಾಕಿದರು, ನನ್ನನ್ನು ಕೆನಡಾ ಕಡೆಗೆ.

ನಾನು ಎಂಜಿನಿಯರ್ ಬುದ್ಧಿಯಲ್ಲಿ ಶುರು ಮಾಡಿದೆ. ಉಪಗ್ರಹ ಯಾಕೆ ಕೆಟ್ಟಿತು, ರಿಯಾಕ್ಟರನ್ನು ಮೇಲಿನ ಕಕ್ಷೆಗೆ ಕಳಿಸುವ ವ್ಯವಸ್ಥೆ ಯಾಕೆ ಕೈಕೊಟ್ಟಿತು, ತಪ್ಪು ಯಾರದು. ಹತ್ತು ನಿಮಿಷ ಮಾತಾಡಿದ ಮೇಲೆ ನಮ್ಮ ಕಡೆಯವರೇ ಆದ ಒಬ್ಬರು ಒಂದು ಚೀಟಿ ಸರಿಸಿದರು. "ನೆಲದ ಮೇಲೆ ಬಿದ್ದರೆ ತಪ್ಪು ಸಾಬೀತು ಮಾಡುವ ಅಗತ್ಯವೇ ಇಲ್ಲ" ಅಂತ ಅದರಲ್ಲಿತ್ತು. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಭೂಮಿಯ ಮೇಲೆ ಆದ ಹಾನಿಗೆ ಉಡಾಯಿಸಿದ ದೇಶವೇ ಪೂರ್ತಿ ಹೊಣೆ. ತಪ್ಪು ಯಾರದು ಅಂತ ನೋಡುವುದು ಬಾಹ್ಯಾಕಾಶದಲ್ಲೇ ಎರಡು ವಸ್ತು ಡಿಕ್ಕಿ ಹೊಡೆದಾಗ ಮಾತ್ರ. ನಾನು ಸಾಬೀತು ಮಾಡಲು ಹೆಣಗುತ್ತಿದ್ದದ್ದು ಯಾರೂ ಕೇಳದ ಸಂಗತಿ. ಎದುರುಗಡೆ ಕೂತ ವಕೀಲೆ ಅದನ್ನು ಹೇಳದೆ ನನ್ನನ್ನು ಮಾತಾಡಲು ಬಿಟ್ಟಿದ್ದರು, ಅವರ ಕೆಲಸ ಅದೇ ತಾನೇ. ನಿಜವಾದ ಪ್ರಕರಣ 1981ರಲ್ಲಿ 30 ಲಕ್ಷ ಕೆನಡಿಯನ್ ಡಾಲರ್‌ಗೆ ಮುಗಿಯಿತು. ನಮ್ಮದು ಅಷ್ಟಕ್ಕೂ ಬರಲಿಲ್ಲ.

ಇನ್ನು ಮೊಟ್ಟೆಯ ಕಥೆ.

ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ನಾಲ್ಕೈದು ಜನರ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದು ರಟ್ಟಿನ ಕೊಳವೆ, ರೆಕ್ಕೆಗೆ ತೆಳು ಮರ, ಪ್ಲಾಸ್ಟಿಕ್ ಹಾಳೆ, ದಾರ, ಒಂದು ಚಿಕ್ಕ ಘನ ಇಂಧನದ ಮೋಟಾರು ಕೊಟ್ಟರು. ರಾಕೆಟ್ಟಿನ ತಲೆಯೊಳಗೆ ಒಂದು ಹಸಿ ಮೊಟ್ಟೆ ಇಡಬೇಕು. ಅದೇ ಗಗನಯಾತ್ರಿ. ಮೇಲೆ ಹೋಗಿ ಒಡೆಯದೆ ಕೆಳಗೆ ಬರಬೇಕು. ನಮ್ಮ ಗುಂಪಿನಲ್ಲಿ ನಾನು, ಬ್ರೆಜಿಲ್‌ನ ಎಂಜಿನಿಯರ್, ಚಿತ್ರಕಲೆಯ ಹುಡುಗಿ, ಮತ್ತೆ ಜಪಾನಿನ ವೈದ್ಯೆ.

ರೆಕ್ಕೆ, ತೂಕ, ಪ್ಯಾರಾಶೂಟು ಎಲ್ಲ ಸಲೀಸಾಗಿ ಆಯಿತು. ಮೊಟ್ಟೆ ಇಡುವ ಹೊತ್ತಿಗೆ ಜಗಳ. ನಾವಿಬ್ಬರು ಎಂಜಿನಿಯರ್‌ಗಳು ಮೊಟ್ಟೆಯನ್ನು ನಿಲ್ಲಿಸಬೇಕು ಅಂದೆವು. ಚೂಪು ತುದಿ ಕಮಾನಿನ ಹಾಗೆ, ಭಾರವನ್ನು ಸುತ್ತ ಹಂಚುತ್ತದೆ, ಗಟ್ಟಿ. ಶಾಲೆಯಲ್ಲೇ ಓದಿದ್ದೆವು. ವೈದ್ಯೆ ಮಲಗಿಸಬೇಕು ಅಂದರು. ರಷ್ಯಾದ ಸೋಯೂಜ್ ನೌಕೆಯಲ್ಲಿ ಗಗನಯಾತ್ರಿಗಳು ಕೂರುವುದಿಲ್ಲ, ಬೆನ್ನ ಮೇಲೆ ಮಂಡಿ ಮಡಚಿ ಮಲಗಿರುತ್ತಾರೆ. ರಾಕೆಟ್ ಏರುವಾಗಿನ ಒತ್ತಡ ಎದೆಯಿಂದ ಬೆನ್ನಿಗೆ ಹೋದರೆ ದೇಹ ತಡೆಯುತ್ತದೆ. ತಲೆಯಿಂದ ಕಾಲಿಗೆ ಹೋದರೆ ರಕ್ತ ಮಿದುಳಿನಿಂದ ಇಳಿದು ಕಣ್ಣು ಕತ್ತಲಾಗುತ್ತದೆ.

"ಮೊಟ್ಟೆಗೆ ರಕ್ತ ಎಲ್ಲಿದೆ?" ಅಂತ ಬ್ರೆಜಿಲ್‌ನವರು ಕೇಳಿದರು.

"ರಕ್ತ ಇಲ್ಲ, ಸರಿ. ಆದರೆ ಅಗಲ ಇದೆ. ಬೀಳುವಾಗ ಸ್ವಲ್ಪ ಬಗ್ಗಲು ಜಾಗ ಬೇಕು" ಅಂದರು ಅವರು. ಮೊಟ್ಟೆಯನ್ನು ಅಂಗೈ ಮೇಲೆ ಅಡ್ಡ ಇಟ್ಟುಕೊಂಡು ಹೆಬ್ಬೆರಳಿನಿಂದ ನಡುವಿಗೆ ಮೆಲ್ಲಗೆ ಒತ್ತಿ ತೋರಿಸಿದರು. ನವಜಾತ ಶಿಶುವಿನ ನೆತ್ತಿ ಮುಟ್ಟುವವರ ಹಾಗಿತ್ತು ಆ ಬೆರಳು. ಅಷ್ಟು ಹೊತ್ತು ಸುಮ್ಮನಿದ್ದ ಚಿತ್ರಕಲೆಯ ಹುಡುಗಿ, "ಅವರು ಹೇಳಿದ ಹಾಗೆ ಒಂದು ಸಲ ನೋಡೋಣ" ಅಂದಳು. ನಾವು ಕೇಳಲಿಲ್ಲ. ಮೊಟ್ಟೆ ಒಂದೇ ಇತ್ತು, ಸಮಯವೂ ಇರಲಿಲ್ಲ, ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಎಂಜಿನಿಯರ್‌ಗಳ ಮಾತೇ ನಡೆಯಿತು. ಹತ್ತಿ ಸುತ್ತಿ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದೆವು.

ಊರ ಹೊರಗಿನ ಬಯಲಿನಿಂದ ರಾಕೆಟ್ ಚೆನ್ನಾಗಿಯೇ ಏರಿತು. ಪ್ಯಾರಾಶೂಟ್ ಅರ್ಧ ಬಿಚ್ಚಿಕೊಂಡು ದಾರ ಸುತ್ತಿಕೊಂಡಿತು. ಸ್ವಲ್ಪ ಜೋರಾಗಿ ಇಳಿಯಿತು. ತೆಗೆದು ನೋಡಿದರೆ ಕೆಳತುದಿಯಿಂದ ಮೂರು ಬಿರುಕು ಮೇಲಕ್ಕೆ ಹೋಗಿದ್ದವು, ಹತ್ತಿ ಒದ್ದೆಯಾಗಿತ್ತು. ಆಗ ನಾವು ಪ್ಯಾರಾಶೂಟನ್ನು ದೂರಿದೆವು.

2025ರಲ್ಲಿ ವೈದ್ಯೆ ನನಗೆ ಒಂದು ಸುದ್ದಿ ಕಳಿಸಿದರು. ಎಂಐಟಿಯ ಸಂಶೋಧಕರು ಮೊಟ್ಟೆಗಳನ್ನು ನಿಲ್ಲಿಸಿಯೂ ಮಲಗಿಸಿಯೂ ಬೀಳಿಸಿ ನೋಡಿದ್ದಾರೆ. ಮಲಗಿಸಿ ಬೀಳಿಸಿದವು ಒಡೆಯುವುದು ಕಡಿಮೆ. ನಿಂತ ಮೊಟ್ಟೆ ಬಿಗಿ, ನಿಜ. ಆದರೆ ಬಿಗಿ ಇದ್ದದ್ದೇ ಬೇಗ ಬಿರಿಯುತ್ತದೆ. ಅಡ್ಡ ಇಟ್ಟರೆ ಚಿಪ್ಪು ಕೊಂಚ ಹೆಚ್ಚು ಬಗ್ಗುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ನಾವು ಬಿಗಿತನವನ್ನೂ ತಾಳಿಕೆಯನ್ನೂ ಒಂದೇ ಅಂದುಕೊಂಡಿದ್ದೆವು. ಇದು ಎರಡನೇ ವರ್ಷದ ಎಂಜಿನಿಯರಿಂಗ್ ಪಾಠ, ನನಗೆ ಗೊತ್ತಿತ್ತು. ಅವರ ಹೆಬ್ಬೆರಳು ಹೇಳುತ್ತಿದ್ದದ್ದೂ ಅದನ್ನೇ. ಅವರು ಅದನ್ನು ನನ್ನ ಭಾಷೆಯಲ್ಲಿ ಹೇಳಲಿಲ್ಲ, ನಾನು ಅವರ ಭಾಷೆಯಲ್ಲಿ ಕೇಳಿಸಿಕೊಳ್ಳಲಿಲ್ಲ. ಇವತ್ತಿಗೂ ಮೀಟಿಂಗಿನಲ್ಲಿ ಬೇರೆ ಕೆಲಸದವರು ಏನಾದರೂ ಅಂದಾಗ ಆ ಅಂಗೈ ನೆನಪಾಗುತ್ತದೆ.

ಜುಲೈ ನಡುವಿನ ಒಂದು ವಾರ ಮಾತ್ರ ದಿನ ದಿನವೂ ನೆನಪಿದೆ.

14ನೇ ತಾರೀಕು ಭಾನುವಾರ. ಫ್ರಾನ್ಸಿನ ರಾಷ್ಟ್ರೀಯ ದಿನ. ಊರಿಗೆ ಊರೇ ಪಟಾಕಿ ನೋಡಲು ಹೊರಟಿತ್ತು. ನಾವು ಹತ್ತು ಹದಿನೈದು ಜನ ಅಡುಗೆಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಚಂದ್ರಯಾನ-2 ಶ್ರೀಹರಿಕೋಟದಿಂದ ಭಾರತದ ಸಮಯ ಬೆಳಗಿನ ಜಾವ 2:51ಕ್ಕೆ ಏರಬೇಕಿತ್ತು, ಅಂದರೆ ನಮಗೆ ಅಲ್ಲಿ ರಾತ್ರಿ 11:21. ರಾಕೆಟ್ ಜಿಎಸ್‌ಎಲ್‌ವಿ ಮಾರ್ಕ್-3, 43 ಮೀಟರ್ ಎತ್ತರ, 640 ಟನ್ ತೂಕ. ನಾನು ಎಲ್ಲರಿಗೂ ವಿವರಿಸುತ್ತಿದ್ದೆ. ಗಡಿಯಾರ ಉಡಾವಣೆಗೆ ಇನ್ನೂ 56 ನಿಮಿಷ 24 ಸೆಕೆಂಡ್ ಇದೆ ಅಂತ ತೋರಿಸುತ್ತಿದ್ದಾಗ ನಿಂತಿತು. ಮತ್ತೆ ಓಡಲಿಲ್ಲ. ತಾಂತ್ರಿಕ ದೋಷ, ಇವತ್ತು ಉಡಾವಣೆ ಇಲ್ಲ ಅಂತ ಇಸ್ರೋ ಹೇಳಿತು. ಹೊರಗೆ ಪಟಾಕಿ ಸದ್ದು. ನನಗೆ ಗಂಟಲು ಕಟ್ಟಿತ್ತು.

ಪಕ್ಕದಲ್ಲಿದ್ದ ಬ್ರೆಜಿಲ್‌ನವರು ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ನಿಲ್ಲಿಸಿದ್ದು ಒಳ್ಳೆಯದಾಯ್ತು. ನಿಲ್ಲಿಸಲು ಗೊತ್ತಿರಬೇಕು." 2003ರ ಆಗಸ್ಟ್ 22ರಂದು ಅವರ ದೇಶದ ಅಲ್ಕಾಂತರಾ ಉಡಾವಣಾ ಕೇಂದ್ರದಲ್ಲಿ, ಉಡಾವಣೆಗೆ ಇನ್ನೂ ಮೂರು ದಿನ ಇರುವಾಗ, ನಿಂತಲ್ಲೇ ರಾಕೆಟ್ ಹೊತ್ತಿಕೊಂಡು 21 ಜನ ಸತ್ತರು. ಆ ಕೇಂದ್ರದವರ ಬಗ್ಗೆ ಅವರು ಆ ರಾತ್ರಿ ಒಂದು ಗಂಟೆ ಮಾತಾಡಿದರು. ನಾನು ಆ ಅವಘಡದ ಬಗ್ಗೆ ಒಂದು ಸಾಲು ಓದಿದ್ದೆ ಅಷ್ಟೆ. ಎಂಜಿನಿಯರ್‌ಗಳನ್ನೂ ಟೆಕ್ನಿಷಿಯನ್‌ಗಳನ್ನೂ ಒಟ್ಟಿಗೆ ಕಳೆದುಕೊಂಡ ಒಂದು ಕಾರ್ಯಕ್ರಮ ಮತ್ತೆ ಎದ್ದು ನಿಲ್ಲುವುದು ಎಷ್ಟು ಕಷ್ಟ ಅನ್ನುವುದು ಆ ಮುಖ ನೋಡಿದ ಮೇಲೆ ತಿಳಿಯಿತು.

16ರ ರಾತ್ರಿ ಚಂದ್ರಗ್ರಹಣ. ಅಪೋಲೊ 11 ಹೊರಟು ಸರಿಯಾಗಿ 50 ವರ್ಷ ಆದ ದಿನವೂ ಅದೇ. ಕ್ಯಾಂಪಸ್ ಹಿಂದಿನ ಹುಲ್ಲಿನ ಮೇಲೆ ಮಲಗಿ ನೋಡಿದೆವು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಚಂದ್ರನ ಮೂರನೇ ಎರಡು ಪಾಲಿನಷ್ಟು ನೆರಳಲ್ಲಿತ್ತು. ಮನೆಯಿಂದ ಅಮ್ಮ ಫೋನ್ ಮಾಡಿದರು. ಅಲ್ಲಿ ಬೆಳಗಿನ ಜಾವ ಮೂರು ಗಂಟೆ, ಅವರೂ ತಾರಸಿ ಮೇಲಿದ್ದರು. "ನಿಂಗೂ ಕಾಣ್ತಿದೆಯಾ?" ಅಂದರು. ಕಾಣುತ್ತಿದೆ ಅಂದೆ. ಇಬ್ಬರೂ ಒಂದೇ ಚಂದ್ರನನ್ನು ನೋಡುತ್ತಾ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

20ರ ಶನಿವಾರ ಟ್ರಾಮ್ ಹತ್ತಿ ಸ್ಟ್ರಾಸ್‌ಬರ್ಗ್ ಪೇಟೆಗೆ ಹೋದೆವು. ಅಲ್ಲಿನ ಕೆಥಡ್ರಲ್ 142 ಮೀಟರ್ ಎತ್ತರ, 1647ರಿಂದ 1874ರವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡ ಅದೇ. ನಾವು ಹೋದದ್ದು ಒಳಗಿನ ಖಗೋಳ ಗಡಿಯಾರ ನೋಡಲು. ಈಗಿರುವ ಯಂತ್ರವನ್ನು ಶ್ವಿಲ್ಗೆ ಅನ್ನುವ ಗಡಿಯಾರದ ಕುಶಲಕರ್ಮಿ 1842ರಲ್ಲಿ ಮುಗಿಸಿದ. ಮಧ್ಯಾಹ್ನ 12:30ಕ್ಕೆ ಕ್ರಿಸ್ತನ ಮುಂದೆ ಶಿಷ್ಯರ ಗೊಂಬೆಗಳು ಸಾಲಾಗಿ ಹೋಗುತ್ತವೆ, ಮೇಲೆ ಒಂದು ಹುಂಜ ರೆಕ್ಕೆ ಬಡಿದು ಮೂರು ಸಲ ಕೂಗುತ್ತದೆ. ಜನ ಎಲ್ಲ ಹುಂಜದ ವಿಡಿಯೋ ಮಾಡುತ್ತಾರೆ. ನಾನು ನೋಡುತ್ತಾ ನಿಂತದ್ದು ಗ್ರಹಗಳ ಮುಖಫಲಕವನ್ನು. ನಡುವೆ ಸೂರ್ಯ, ಸುತ್ತ ಬರಿಗಣ್ಣಿಗೆ ಕಾಣುವ ಗ್ರಹಗಳು, ಪ್ರತಿಯೊಂದೂ ತನ್ನ ವೇಗದಲ್ಲಿ. ಶನಿ ಒಂದು ಸುತ್ತು ಬರಲು 29 ವರ್ಷಕ್ಕೂ ಜಾಸ್ತಿ ಬೇಕು. ಅದಕ್ಕೆ ತಕ್ಕ ಹಲ್ಲಿನ ಚಕ್ರವನ್ನು ಒಬ್ಬ ಮನುಷ್ಯ ಲೆಕ್ಕ ಹಾಕಿ ಮಾಡಿದ್ದಾನೆ. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಆ ರಾತ್ರಿ ಅಪೋಲೊ ಚಂದ್ರನ ಮೇಲೆ ಇಳಿದ ಗಳಿಗೆಗೆ 50 ವರ್ಷ ತುಂಬಿತು. ಆದರೆ ಆ ದಿನ ಅಂದರೆ ನನಗೆ ಮೊದಲು ನೆನಪಾಗುವುದು ಆ ಹಿತ್ತಾಳೆಯ ಶನಿಯೇ.

22ನೇ ತಾರೀಕು ಸೋಮವಾರ ಬೆಳಿಗ್ಗೆ 11:13. ವರ್ಕ್‌ಶಾಪ್ ನಡೆಯುತ್ತಿತ್ತು. ನಡೆಸುತ್ತಿದ್ದವರು ತಾವಾಗಿಯೇ ಪ್ರೊಜೆಕ್ಟರ್‌ಗೆ ಇಸ್ರೋ ನೇರಪ್ರಸಾರ ಹಾಕಿದರು. ಈ ಸಲ ಗಡಿಯಾರ ಸೊನ್ನೆಗೆ ಬಂತು. ಎರಡು ಪಕ್ಕದ ಬೂಸ್ಟರುಗಳು ಹೊತ್ತಿಕೊಂಡವು, ರಾಕೆಟ್ ಎದ್ದಿತು. "ನಡುವಿನ ಎಂಜಿನ್ ಯಾಕೆ ಉರಿಯುತ್ತಿಲ್ಲ? ಕೆಟ್ಟಿದೆಯಾ?" ಅಂತ ವಕೀಲೆ ನನ್ನ ತೋಳು ಹಿಡಿದು ಕೇಳಿದರು. ಮಾರ್ಕ್-3ರಲ್ಲಿ ಹಾಗೇ. ಮೊದಲು ಎರಡು ಘನ ಇಂಧನದ ಬೂಸ್ಟರುಗಳೇ ಎತ್ತುತ್ತವೆ, ನಡುವಿನ ದ್ರವ ಇಂಧನದ ಎಂಜಿನ್ ಹೊತ್ತಿಕೊಳ್ಳುವುದು ಎರಡು ನಿಮಿಷಕ್ಕೆ ಸ್ವಲ್ಪ ಮೊದಲು. ಅದು ಹೊತ್ತಿಕೊಂಡಾಗ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹದಿನಾರು ನಿಮಿಷದ ಮೇಲೆ ಚಂದ್ರಯಾನ-2 ಕಕ್ಷೆಯಲ್ಲಿತ್ತು. ರಾಕೆಟ್ ನಿರೀಕ್ಷೆಗಿಂತ ಚೆನ್ನಾಗಿ ದುಡಿದು, ಕಕ್ಷೆಯ ದೂರದ ತುದಿ ಅಂದುಕೊಂಡದ್ದಕ್ಕಿಂತ ಸುಮಾರು 6,000 ಕಿಲೋಮೀಟರ್ ಆಚೆಗೆ ಹೋಗಿತ್ತು. ಇದರಿಂದ ನೌಕೆಯ ಇಂಧನ ಉಳಿಯುತ್ತದೆ ಅಂತ ನಾನು ಹೇಳಿದೆ. ವಕೀಲೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಲ್ ಅಂತ ಹೇಳಿದಾಗ ಕೋಣೆಯಲ್ಲಿದ್ದ ಹೆಣ್ಣುಮಕ್ಕಳು ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.

ಕೊನೆಯ ವಾರಗಳು ಟೀಮ್ ಪ್ರಾಜೆಕ್ಟ್‌ನವು. ಮೂವತ್ತರ ಆಸುಪಾಸು ಜನ ಸೇರಿ ಒಂದೇ ವರದಿ ಬರೆಯಬೇಕು. ನಿದ್ದೆ ಕಡಿಮೆ, ಜಗಳ ಜಾಸ್ತಿ. ವರದಿಯ ವಿಷಯಕ್ಕಿಂತ ಅದರ ಒಂದು ಸಾಲು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಲಸ ಮುಗಿಸಿದ ಉಪಗ್ರಹವನ್ನು 25 ವರ್ಷದೊಳಗೆ ಕೆಳಕಕ್ಷೆಯಿಂದ ಇಳಿಸಬೇಕು, ಇಷ್ಟೇ. ಇದು ಆಗಲೇ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿದ್ದ ಮಾತು. ಜಗಳ ಬಂದದ್ದು ಇಂಗ್ಲಿಷಿನಲ್ಲಿ ಶುಡ್ (ಸಲಹೆ) ಬರೆಯಬೇಕೋ ಶಲ್ (ಕಡ್ಡಾಯ) ಬರೆಯಬೇಕೋ ಅಂತ. ಎರಡೂವರೆ ಗಂಟೆ!

ಮೊದಲು ನನಗೆ ಸಿಟ್ಟೇ ಬಂತು. ಕನ್ನಡದಲ್ಲಾದರೆ ಎರಡಕ್ಕೂ "ಇಳಿಸಬೇಕು" ಅಂತಲೇ ಅಲ್ವಾ? ಆಮೇಲೆ ನಮ್ಮ ಸರ್ಕಾರಿ ಆದೇಶಗಳು ನೆನಪಾದವು. "ಅರ್ಜಿಯನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸತಕ್ಕದ್ದು." ಅಲ್ಲಿ "ಸಲ್ಲಿಸಬೇಕು" ಅಂತ ಬರೆದರೆ ಅದು ಸಲಹೆಯ ಹಾಗೂ ಓದಿಸಿಕೊಳ್ಳುತ್ತದೆ. ತಕ್ಕದ್ದು ಅಂದರೆ ತಪ್ಪಿಸುವ ಹಾಗಿಲ್ಲ. ಇದನ್ನು ಎಲ್ಲರಿಗೂ ಹೇಳಿದೆ. ಫ್ರೆಂಚ್‌ನವರು ತಮ್ಮ ಭಾಷೆಯಲ್ಲಿ ಹೇಗೆ ಅಂತ ಹೇಳಿದರು, ಜಪಾನಿನವರು ತಮ್ಮದರಲ್ಲಿ. ಹಲಗೆಯ ಮೇಲೆ ಏಳೆಂಟು ಲಿಪಿಗಳಲ್ಲಿ ಆ ಒಂದು ಸಾಲು ಬಂತು. ಎಂಜಿನಿಯರ್‌ಗಳಿಗೆ ತಕ್ಕದ್ದು ಬೇಕಿತ್ತು, ಬಾಹ್ಯಾಕಾಶದಲ್ಲಿ ಕಸ ಕಡಿಮೆಯಾಗಲಿ ಅಂತ. ಸಣ್ಣ ದೇಶಗಳಿಂದ ಬಂದವರಿಗೆ ಬೇಡವಾಗಿತ್ತು. ಇಳಿಸಲು ಇಂಧನ ಬೇಕು, ಇಂಧನಕ್ಕೆ ತೂಕ, ತೂಕಕ್ಕೆ ದುಡ್ಡು. ಕಸ ತುಂಬಿಸಿದವರು ದೊಡ್ಡವರು, ನಿಯಮ ಮಾತ್ರ ಈಗ ಬಂದ ನಮಗಾ ಅಂತ ಅವರು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಸಮೀಕರಣ ಇರಲಿಲ್ಲ. ವಕೀಲೆ ಎದ್ದು ಆ ಸಾಲನ್ನು ಎರಡು ಮಾಡಿದರು. ದೊಡ್ಡ ಉಪಗ್ರಹಗಳಿಗೆ ಶಲ್, ಚಿಕ್ಕವಕ್ಕೆ ಶುಡ್, ಜೊತೆಗೆ ನೆರವಿನ ಒಂದು ಸಾಲು. ಎಲ್ಲರೂ ಪೂರ್ತಿ ಒಪ್ಪಲಿಲ್ಲ, ಆದರೂ ಯಾರೂ ಎದ್ದು ಹೋಗಲಿಲ್ಲ.

ಆಗಸ್ಟ್ ಕೊನೆಗೆ ಊರಿಗೆ ಬಂದೆ. ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಬೇಕಿತ್ತು, ಆರ್ಬಿಟರ್ ಚಂದ್ರನನ್ನು ಸುತ್ತುತ್ತಾ ಮೇಲೇ ಇರಬೇಕಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಎದ್ದಿದ್ದರು. ಜಪಾನಿನಲ್ಲಿ ಬೆಳಿಗ್ಗೆ ಐದೂವರೆ ಹತ್ತಿರ, ಬ್ರೆಜಿಲ್‌ನಲ್ಲಿ ಹಿಂದಿನ ದಿನದ ಸಂಜೆ, ಫ್ರಾನ್ಸಿನಲ್ಲಿ ರಾತ್ರಿ. ನೆಲದಿಂದ 2.1 ಕಿಲೋಮೀಟರ್ ಎತ್ತರದಲ್ಲಿ ಸಂಪರ್ಕ ತಪ್ಪಿತು. ಗುಂಪಿನಲ್ಲಿ ತುಂಬಾ ಹೊತ್ತು ಯಾರೂ ಏನೂ ಬರೆಯಲಿಲ್ಲ. ವೈದ್ಯೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ, "ನೀರು ಕುಡಿದು ಮಲಗಿ" ಅಂದರು.

ವಕೀಲೆಯ ಮೆಸೇಜ್ ಬಂದದ್ದು ಸ್ವಲ್ಪ ತಡವಾಗಿ. ಜೂನ್‌ನಲ್ಲಿ ಕಕ್ಷೆ ಅಂದರೇನು ಅಂತ ಕೇಳುತ್ತಿದ್ದವರು ಅವರು. "ಆರ್ಬಿಟರ್ ಚೆನ್ನಾಗಿದೆ ಅಲ್ವಾ? ಉಡಾವಣೆಯಲ್ಲಿ 6,000 ಕಿಲೋಮೀಟರ್ ಜಾಸ್ತಿ ಸಿಕ್ಕಿತ್ತು. ಹಾಗಾದರೆ ಇಂಧನ ಎಷ್ಟು ಉಳಿದಿದೆ?" ಅಂತ ಬರೆದಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಅದೇ ದಿನ ಇಸ್ರೋದ ಹೇಳಿಕೆ ಬಂತು. ನಿಖರವಾದ ಉಡಾವಣೆಯಿಂದ, ಮಿಷನ್ ನಡೆಸಿದ ರೀತಿಯಿಂದ, ಒಂದು ವರ್ಷಕ್ಕೆ ಅಂದುಕೊಂಡಿದ್ದ ಆರ್ಬಿಟರ್ ಸುಮಾರು 7 ವರ್ಷ ಕೆಲಸ ಮಾಡುತ್ತದೆ ಅಂತ ಅದರಲ್ಲಿತ್ತು. ಅದನ್ನು ಹಾಗೇ ಅವರಿಗೆ ಕಳಿಸಿ ಮಲಗಿದೆ.